ಬೆಂಕಿಯ ದಿನ ಬಡಿದ ಗಂಟೆ

ಫೊಂತೆಲಾ, ಬರೋಸೊ
ಜೂನ್ 9, ಶುಕ್ರವಾರ

ಪ್ರೀತಿಯ ಅಣ್ಣ ಅಡೆರಿತೊ,

ಸೊಂಟನೋವು ಹೇಗಿದೆ? ಆ ಲಕ್ಸೆಂಬರ್ಗಿನಲ್ಲಿ ಇನ್ನೂ ನಾಲ್ಕನೇ ಮಹಡಿಗೆ ಇಟ್ಟಿಗೆ ಹೊರುತ್ತಿದ್ದೀಯಾ? ಐವತ್ತೆಂಟಾಯಿತು, ಸ್ವಲ್ಪ ನೋಡಿಕೊಳ್ಳಪ್ಪ. ನಾನು ಇದ್ದೇನೆ, ಅಷ್ಟೇ. ನಿನ್ನ ಪಾಲಿನ ಹುಲ್ಲುಗಾವಲಿನ ದಯೆಯಿಂದ ಮೂರು ಹಸುಗಳೂ ಕ್ಷೇಮ. ಹುಲ್ಲಿನ ಕೊಟ್ಟಿಗೆ ಮಾತ್ರ ಇಲ್ಲ. ಗಾಬರಿಯಾಗಬೇಡ, ಪೂರ್ತಿ ಓದು.

ಊರಿನ ಗಂಟೆಯನ್ನು ಬಿಡದೆ ಬಡಿದರೆ ಮನೆಗೊಬ್ಬರು ಬಕೆಟ್ ಹಿಡಿದು ಓಡಿಬರಬೇಕು ಅನ್ನುವುದು ಅಜ್ಜನ ಕಾಲದ ಕಟ್ಟಳೆ. ಲಿಥಿಯಂ ಕಂಪನಿಯವರು ಗುಡ್ಡ ಕೊರೆಯಲು ಬಂದಮೇಲೆ, ಅವರ ಲಾರಿ ಕಂಡರೂ ಅದನ್ನೇ ಬಡಿಯುವುದೆಂದು ಕಂಪನಿ ಬೇಡ ಅನ್ನುವ ನಿನ್ನ ಪಂಗಡದವರು ಮಾಡಿಕೊಂಡರಲ್ಲ. ಸೋಮವಾರ ಮಧ್ಯಾಹ್ನ ನಮ್ಮ ಹುಲ್ಲಿಗೆ ಬೆಂಕಿ ಬಿತ್ತು. ಅಂಗೈ ಸುಲಿಯುವಷ್ಟು ಗಂಟೆ ಬಡಿದೆ. ಕಂಪನಿ ಬೇಡ ಅನ್ನುವವರೆಲ್ಲ ಲಾರಿ ತಡೆಯಲು ಕೋಲು ಹಿಡಿದು ಕೆಳಗಿನ ರಸ್ತೆಗೆ ಓಡಿದರು. ಬೇಕು ಅನ್ನುವವರು ಕಿಟಕಿ ಹಾಕಿಕೊಂಡು ಒಳಗೆ ಕೂತರು. "ಬಡ್ಕೊಳ್ಳಿ, ಬಡ್ಕೊಳ್ಳಿ, ನಿಮ್ಗೆ ಬೇರೆ ಕೆಲ್ಸ ಇಲ್ವಲ್ಲ!" ಎಂದು ಪಕ್ಕದ ಮನೆ ಇಲ್ದಾ ಒಳಗಿನಿಂದಲೇ ಕೂಗಿದ್ದು ನನಗೆ ಕೇಳಿಸಿತು. ಅವಳನ್ನು ದೂರಲಾರೆ. ಊರೊಟ್ಟಿನ ಕಲ್ಲೊಲೆಯಲ್ಲಿ ಮೂವತ್ತು ವರ್ಷ, ನನ್ನ ರೊಟ್ಟಿ ಬೆಂದಮೇಲೆ ಉಳಿದ ಬಿಸಿಯಲ್ಲಿ ಅವಳ ರೊಟ್ಟಿ ಬೇಯುತ್ತಿತ್ತು. ಅವಳ ಗಂಡ ಬೆರ್ನಾರ್ದಿನೊ ಕಂಪನಿಗೆ ಹೊಲ ಬರೆದುಕೊಟ್ಟನೆಂದು, "ಅವರು ಊರು ಮಾರಿದವರು, ಆ ಮನೆಯ ಹೊಸ್ತಿಲು ತುಳಿಯಬೇಡ" ಎಂದು ನೀನು ಬರೆದೆ. ಅದನ್ನು ಓದಿ ನಾನು ಅವಳ ಕಣ್ಣೆದುರೇ ಒಲೆಯ ಬಾಗಿಲು ತೆರೆದಿಟ್ಟು, ಬಿಸಿಯೆಲ್ಲ ಹಾಳಾಗಿ ಹೋಗಲೆಂದು ಬಂದುಬಿಟ್ಟೆ.

ಬೆಂಕಿ ಆರಿಸಿದವನು ಅದೇ ಬೆರ್ನಾರ್ದಿನೊ. ಈಗ ಕಂಪನಿಯಲ್ಲೇ ಕೆಲಸಕ್ಕಿದ್ದಾನೆ; ಗುಡ್ಡದಿಂದ ಹೊಗೆ ಕಂಡು ಕಂಪನಿಯ ನೀರಿನ ಟ್ಯಾಂಕರನ್ನೇ ಓಡಿಸಿಕೊಂಡು ಬಂದ. ದಾರಿಯಲ್ಲಿ ನಮ್ಮವರು ಅಡ್ಡಗಟ್ಟಿ ಗಾಜು ಒಡೆದಿದ್ದರು. "ಹೊಗೆ ಕಾಣ್ಸಲ್ವೇನ್ರೋ, ಕುರುಡ್ ಮುಂಡೇವಾ!" ಎಂದು ಅವನು ಅರಚಿದ ಮೇಲೆ ಬಿಟ್ಟರಂತೆ. ಕೊಟ್ಟಿಗೆ ಹೋಯಿತು, ಹಸುಗಳು ಉಳಿದವು. ಈಗ ಗಂಟೆ ಯಾವ ಪಂಗಡದ್ದೆಂದು ಹೊಸ ಜಗಳ. ನನಗೆ ಯಾವ ಕಡೆಯೂ ಬೇಡ ಅಣ್ಣ, ಸಾಕಾಗಿಹೋಗಿದೆ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಅಪ್ಪ ಅಮ್ಮನ ಸಮಾಧಿಗೆ ನಿನ್ನ ಹೆಸರಿನಲ್ಲೂ ಹೂವಿಟ್ಟು ಬಂದಿದ್ದೇನೆ. ದೇವರು ನಿನ್ನ ಸೊಂಟ ಕಾಯಲಿ.

ನಿನ್ನ ತಂಗಿ,
ಕುಸ್ತೋದಿಯಾ

ಲಕೋಟೆ ಅಂಟಿಸುವ ಮುಂಚೆ ಇದೊಂದು: ಬೆರ್ನಾರ್ದಿನೊ ಮುಖದ ಮಸಿ ಒರೆಸಿಕೊಳ್ಳುತ್ತಾ, "ನಿಮ್ಮಣ್ಣನ ಹುಲ್ಲುಗಾವಲಿಗೂ ಕಂಪನಿ ಪತ್ರದಲ್ಲಿ ಮಾರ್ಚಲ್ಲೇ ಸಹಿ ಬಿದ್ದಿದೆ ಕಣೇ, ನನ್ ಸಹಿ ಪಕ್ಕದಲ್ಲೇ" ಅಂದ. ಸುಳ್ಳುಗಾರ ಎಂದು ಬೈದು, ಕುಡಿಯಲು ನೀರೂ ಕೊಡದೆ ಬಾಗಿಲು ಹಾಕಿದೆ. ಹೊಸ್ತಿಲು ತುಳಿಯಬೇಡ ಎಂದು ನೀನು ಬರೆದ ಕಾಗದದ ತಾರೀಖು ಏಪ್ರಿಲ್. ಅವನು ಹೇಳಿದ್ದು ಸುಳ್ಳೋ ನಿಜವೋ, ಒಂದೇ ಮಾತಿನಲ್ಲಿ ಬರೆ. ನಾಳೆ ಒಲೆಯ ಸರದಿ ನನ್ನದು. ಅದಕ್ಕಾಗಿ ನಿನ್ನ ಉತ್ತರಕ್ಕೆ ಕಾಯುವುದಿಲ್ಲ. ಬಾಗಿಲು ಭದ್ರವಾಗಿ ಮುಚ್ಚಿ, ಬಿಸಿಯನ್ನು ಇಲ್ದಾಳಿಗೆ ಬಿಟ್ಟು ಬರುತ್ತೇನೆ.