ಉಜ್ಮಾಳ ಕಾಲಿನಲ್ಲಿ ಗುಡ್ಡ ಹತ್ತಿದ್ದು

ಗೋಕಾಕ
ಎಪ್ರಿಲ್ ೨೮, ೨೦೨೫

ಮುದ್ದಿನ ಮೊಮ್ಮಗಳು ಉಜ್ಮಾಳಿಗೆ, ಅಜ್ಜನ ತುಂಬುಗಂಟಲಿನ ಸಲಾಮು!

ಹೇಗಿದ್ದೀ ಕೂಸೇ? ಧಾರವಾಡದ ಹಾಸ್ಟೆಲ್ಲಿನಲ್ಲಿ ಅನ್ನ ಬೆಂದಿರುತ್ತದೆಯೋ, ಅಕ್ಕಿಯನ್ನೇ ಬಡಿಸುತ್ತಾರೋ? ಸ್ಕೂಟರಿನಿಂದ ಬಿದ್ದು, ಒಳಗೆ ಸ್ಟೀಲು ಪಟ್ಟಿ ಕೂಡಿಸಿಕೊಂಡ ಆ ಬಲಪಾದವೆಂಬ ಮಹಾರಾಣಿ ಈಗ ಎಷ್ಟು ಮಣಿಯುತ್ತಾಳೆ? ಫೋನಿನಲ್ಲಿ ಕೇಳಬಹುದಿತ್ತು, ನಾನು ಮಾತಾಡಿದರೆ ನಿಮ್ಮ ಹಾಸ್ಟೆಲ್ಲೆಲ್ಲ ಎದ್ದು ಕೂಡುತ್ತದೆ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮ ಸಾನಿಯಾ ಮಾತ್ರ, "ಅಪ್ಪಾ, ದಾರಿ ನೋಡಿ ಬಂದು ನೀವು ಹೂಂ ಅಂದ್ರ ಆಕಿ ಗುಡ್ಡಾ ಹತ್ತಲಿ, ಇಲ್ಲಾಂದ್ರ ಇಲ್ಲ" ಎಂದು ತೀರ್ಪನ್ನು ನನ್ನ ಕೊರಳಿಗೆ ಕಟ್ಟಿದ್ದಾಳೆ. ರಜೆಗೆ ಬಂದಾಗ ಗೆಳತಿಯರೊಂದಿಗೆ ನಮ್ಮೂರ ಗುಡ್ಡ ಹತ್ತುತ್ತೇನೆ ಅಂದಿದ್ದೀಯಲ್ಲ, ಅಪಘಾತದ ಬಳಿಕ ನಿನ್ನ ಮೊದಲ ಗುಡ್ಡ! ಕೈಕಟ್ಟಿ ಕೂಡಲಾದೀತೇ? ನಿನ್ನೆ ಹೊರಟೇಬಿಟ್ಟೆ.

ನಾಟಕ ಕಂಪನಿಯಲ್ಲಿ ಬೆಳೆದವನು ನಾನು. ಪಾತ್ರ ತಿಳಿಯಬೇಕಾದರೆ ಪಾತ್ರದ ಕಾಲಿನಲ್ಲೇ ನಡೆಯಬೇಕು. ಗುಡ್ಡದ ಬುಡದಲ್ಲಿ ಕುಳಿತು, ಬಲಪಾದಕ್ಕೆ ಎರಡು ಮರದ ಪಟ್ಟಿಯಿಟ್ಟು, ಮಣಿಯದ ಹಾಗೆ ಟವೆಲ್ಲಿನಿಂದ ಬಿಗಿದುಕೊಂಡೆ. ಜೊತೆಗೆ ಬಂದಿದ್ದ ಕಂಪನಿಯ ಹಾರ್ಮೋನಿಯಂ ಸೋಮಪ್ಪ ಹಣೆ ಬಡಿದುಕೊಂಡ: "ಏ ಬಾಷಾ, ಇರೂ ಕಾಲರೆ ನೆಟ್ಟಗ ಇರಲಿ ಬಿಡೋ!"

ಕೇಳು, ದಾರಿಯ ವರ್ತಮಾನ! ಮೊದಲ ಏರು ಆಡು ತುಳಿದ ಅಗಲ ದಾರಿ, ಅಲ್ಲಲ್ಲಿ ಜಾಲಿಯ ನೆರಳು. ಬತ್ತಿದ ಹಳ್ಳದಲ್ಲಿ ಗುಂಡುಕಲ್ಲು ಅಲುಗುತ್ತವೆ, ಉಸುಕಿನ ಮೇಲೇ ಹೆಜ್ಜೆಯಿಡಬೇಕು. ಮುಂದೆ ಒಂದು ಸೋಜಿಗ! ಜಾರುವುದು ಗರಸಿನ ಸಣ್ಣಕಲ್ಲಲ್ಲ, ಒಣಹುಲ್ಲು. ಏಕಿರಬಹುದೆಂದು ಬಗ್ಗಿ ನೋಡಿದೆ. ಬಾಚಿದ ಕೂದಲಿನಂತೆ ಕಡ್ಡಿಗಳೆಲ್ಲ ಇಳಿಜಾರಿನತ್ತ ಮಲಗಿದ್ದವು! ಬಿಸಿಲೇರಿದ ಮೇಲಂತೂ ಬಂಡೆ ಕಾದ ಹಂಚು. ಓತಿಕ್ಯಾತವೊಂದು ಕಾಲು ಬದಲಿಸಿ ಬದಲಿಸಿ ನಿಂತಿತ್ತು. ಆದರೂ ಕೂಸೇ, ನಡುವಿನ ಹಾಸುಬಂಡೆಯವರೆಗೆ ನಿನ್ನ ಕಾಲು ಹಾಡುತ್ತಾ ಬಂತು. ಅಲ್ಲಿಂದ ಘಟಪ್ರಭೆಯ ತಿರುವು, ಇಡೀ ಗೋಕಾಕ, ಎಲ್ಲವೂ ಕಾಲಡಿಗೆ!

ಅದರಾಚೆ ಬಂಡೆಯ ಸೀಳು, ಅದರ ತುಂಬ ಸಡಿಲ ಗರಸು. ಸೋಮಪ್ಪ ಹಿಂದಿನಿಂದ ನೂಕಿದ, ಹತ್ತಿದೆ. ಇಳಿಯುವಾಗ ನೋಡುತ್ತೇನೆ, ಕೆಳಗೆ ಹಾಸುಬಂಡೆಯ ಮೇಲೆ ನಾಗನೂರಿನ ಕುಟುಂಬವೊಂದು ಬುತ್ತಿ ಬಿಚ್ಚಿ ಕುಳಿತಿದೆ. ಒಬ್ಬಾಕೆ ಕೂಗಿದಳು: "ಅಯ್ಯ, ರಾಜನ ಪಾರ್ಟ ಮಾಡ್ತಿದ್ದ ಬಾಷಾ ಸಾಹೇಬ್ರಲ್ಲೇನ್ರಿ ಇವ್ರು!" ಮುಗಿಯಿತು ಕಥೆ. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದೆಂಬುದು ಕಂಪನಿಯ ಮೊದಲ ಪಾಠ. "ಬಂಡೆಗೆ ಮಾರಿ ಮಾಡಿ ಇಳಿಯೋ ಹುಚ್ಚಾ!" ಎಂದು ಸೋಮಪ್ಪ ಒದರುತ್ತಿದ್ದ. ನಾನು ಎದೆಯುಬ್ಬಿಸಿ ಜನಕ್ಕೆ ಮುಖ ಕೊಟ್ಟೇ ಇಳಿದೆ. ಎರಡೇ ಹೆಜ್ಜೆ, ಕುಂಡೆಯ ಮೇಲೆ ಜಾರಿ ನೇರ ಅವರ ರೊಟ್ಟಿಯ ಗಂಟಿನ ಮುಂದೆ!

"ವನ್ಸ್‌ಮೋರ್!" ಎಂದರು ಎಲ್ಲರೂ.

ವನ್ಸ್‌ಮೋರ್ ಬಂದರೆ ಮತ್ತೆ ಮಾಡಲೇಬೇಕು. ಮತ್ತೆ ಹತ್ತಿದೆ, ಈ ಸಲ ಬುದ್ಧಿವಂತನಾಗಿ ಬಂಡೆಗೆ ಮುಖ ಮಾಡಿ ಇಳಿದೆ. ಸೀಳಿನಲ್ಲಿ ಕಾಲ್ಬೆರಳು ತೂರಿಸಿ ಪಾದ ಮಣಿಸಬೇಕು. ಮಣಿಯಲಿಲ್ಲ. ಕೈಯೆರಡೂ ಬಂಡೆಗೆ ಅಂಟಿದವು. ಸೋಮಪ್ಪ ಕೆಳಗೆ ನಿಂತು ನನ್ನ ಹಿಮ್ಮಡಿ ಹಿಡಿದು, ಮಗುವನ್ನು ಇಳಿಸುವಂತೆ ಒಂದೊಂದೇ ಹೆಜ್ಜೆ ಇಳಿಸಿದ. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸೋಮಪ್ಪ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ಹೊಟ್ಟೆ ತುಂಬ ಉಣ್ಣು, ಪಾದದ ಕಸರತ್ತು ಬಿಡಬೇಡ. ಅಲ್ಲಾಹನು ನಿನ್ನ ನಡಿಗೆಯನ್ನು ಕಾಯಲಿ.

ನಿನ್ನ ಅಜ್ಜ,
ಖಾದರಬಾಷಾ

ತಾ.ಕ.: ಅಂಚೆಯ ಹೊತ್ತಾಯಿತು, ಹೇಳಿಬಿಡುತ್ತೇನೆ. ಅಮ್ಮನಿಗೆ ಹೂಂ ಅಂದಿದ್ದೇನೆ, ಹಾಸುಬಂಡೆಯವರೆಗೆ ಮಾತ್ರ. ಸೀಳಿನಾಚೆಯ ತುದಿ ಈ ಬೇಸಿಗೆಗೆ ಬೇಡ ಕೂಸೇ. ಗೆಳತಿಯರು ಮೇಲೆ ಹೋಗುವಾಗ ನಿನಗೆ ಅಳು ಬರುತ್ತದೆ, ಗೊತ್ತು. ನಾನೂ ಬಂದು ನಿನ್ನ ಬಾಜೂ ಕೂಡುತ್ತೇನೆ. ಬೇಕಾದಷ್ಟು ಬೈಯಿ. ಅವರು ಇಳಿದು ಬರುವಷ್ಟರಲ್ಲಿ ಅವರ ಪಾಲಿನ ಮಾವಿನಹಣ್ಣನ್ನೂ ನಾವಿಬ್ಬರೇ ಮುಗಿಸಿರೋಣ.