ಹನ್ನೊಂದು ಸ್ಟೂಲು

ಮಾರ್ಚ್ 4, ಬೆಳಿಗ್ಗೆ 8

ಮಾತ್ರೆ ನುಂಗಿದೆ. ಫಿಟ್ಸ್ ಬಂದು ಐದು ತಿಂಗಳಾಯಿತು. ಲಾಂಡ್ರಿಯಲ್ಲಿ ಯಾರಿಗೂ ಗೊತ್ತಿಲ್ಲ. ಮಾತ್ರೆ ಇರುವುದು ಚೀಲದಲ್ಲಿ, ಕರಪತ್ರಗಳ ಮಧ್ಯೆ — ಅವನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ.

ನಾವು ಹನ್ನೊಂದು ಹೆಂಗಸರು. ದಿನಕ್ಕೆ ಹತ್ತು ಗಂಟೆ, ನಿಂತೇ ಇಸ್ತ್ರಿ. ಶನಿವಾರ ಮಾಲೀಕರನ್ನು ಹನ್ನೊಂದು ಸ್ಟೂಲು ಕೇಳುವುದೆಂದು ತೀರ್ಮಾನ.

"ಕರಪತ್ರ, ನೀನೇ ಮಾತಾಡೇ. ಆವಯ್ಯನ್ನ ಕಂಡ್ರೆ ನಮಗೆ ನಾಲಿಗೆ ಒಣಗುತ್ತೆ" ಅಂದಳು ಕಾಲರ್ ಅಕ್ಕ. ಶರ್ಟಿನ ಕಾಲರು ಅವಳ ಪಾಲಿನ ಕೆಲಸ. ಸದಾ ಕರಪತ್ರ ಹಂಚುವ ನನಗೆ ಈ ಅಡ್ಡಹೆಸರು ಇಟ್ಟವಳೂ ಅವಳೇ.

ಮಾರ್ಚ್ 5, ಸಂಜೆ

ಕನ್ನಡಿ ಮುಂದೆ ಭಾಷಣ. 'ಘನತೆ' ಎಂಬ ಪದ ಬರಲೇ ಇಲ್ಲ. ಬಾಯಿ ತೆರೆದು ನಿಂತೆ... ಈ ಮಾತ್ರೆ ಶುರುವಾದಾಗಿನಿಂದ ಹೀಗೆ. ಪದ ಇರುತ್ತದೆ, ಕೈಗೆ ಸಿಗುವುದಿಲ್ಲ. ಡಾಕ್ಟರಮ್ಮನಿಗೆ ಹೇಳಿಲ್ಲ. ಹತ್ತು ಜನರ ಪರವಾಗಿ ಮಾತಾಡುವವಳು ತನ್ನ ನಾಲಿಗೆಯ ಮೇಲೇ ದೂರು ಹೇಳುವುದೇ?

ಎಂಟು ಗಂಟೆಯ ಮಾತ್ರೆ ಬಿಟ್ಟೆ. ಶನಿವಾರದ ತನಕ, ಅಷ್ಟೇ.

ಮಾರ್ಚ್ 7

ನಾಲ್ಕು ಹೊತ್ತು ಬಿಟ್ಟಾಯಿತು. ಏನೂ ಆಗಿಲ್ಲ. ಮಾತು ಪಟಪಟ ಬರುತ್ತಿದೆ.

ಅಮ್ಮನ ಫೋನು. "ಮಾತ್ರೆ ತಗೊಂಡ್ಯೇನೇ?"

"ಹೂಂ ಅಮ್ಮ."

ಸುಳ್ಳೂ ಸಲೀಸಾಗಿ ಬಂತು.

ಮಾರ್ಚ್ 13

ಶನಿವಾರದ್ದು, ಬೇರೆಯವರು ಹೇಳಿ ತಿಳಿದದ್ದು. ಮಾಲೀಕರ ಮುಂದೆ 'ನಾವು ಹನ್ನೊಂದು ಜನ' ಎಂದೆನಂತೆ. ಬಿದ್ದೆನಂತೆ. ಕಾಲರ್ ಅಕ್ಕ ಕಾದ ಇಸ್ತ್ರಿಪೆಟ್ಟಿ ದೂರ ಸರಿಸಿ, ನನ್ನನ್ನು ಪಕ್ಕಕ್ಕೆ ಹೊರಳಿಸಿದಳಂತೆ. ನಾಲಿಗೆ ಕಚ್ಚಿಕೊಂಡದ್ದು ಇನ್ನೂ ಊದಿದೆ. ಬಟ್ಟೆ ಒದ್ದೆಯಾಗಿತ್ತು. ಅದನ್ನು ಬರೆಯಬಾರದೆಂದಿದ್ದೆ — ಬರೆದಾಯಿತು.

ಡಾಕ್ಟರಮ್ಮ: "ಮಾತು ತಡವರಿಸುತ್ತೆ ಅಂತ ನನಗೊಂದು ಮಾತು ಹೇಳಬಾರದಿತ್ತೇನಮ್ಮ? ಲೋಕದಲ್ಲಿ ಇದೊಂದೇ ಮಾತ್ರೆಯಾ ಇರೋದು? ನಿಧಾನವಾಗಿ ಬೇರೆಯದಕ್ಕೆ ಬದಲಾಯಿಸೋಣ. ಆದ್ರೆ ನೀನಾಗೇ ನಿಲ್ಲಿಸಬೇಡ."

ಬೇರೆ ಮಾತ್ರೆ ಕೇಳಬಹುದು ಎಂದೇ ಹೊಳೆದಿರಲಿಲ್ಲ.

ಮಾರ್ಚ್ 17

ಕೆಲಸಕ್ಕೆ ಹೋದೆ. ಮೂಲೆಯಲ್ಲಿ ಸ್ಟೂಲು. ಒಂದೇ.

"ಪಾಪ, ಇನ್ಮೇಲೆ ನಿನಗೆ ಇಸ್ತ್ರಿ ಬೇಡ. ಕೂತ್ಕೊಂಡು ಗುಂಡಿ ಹೊಲಿ" ಅಂದರು ಮಾಲೀಕರು.

"ಉಳಿದವರಿಗೆ?"

"ಅವರಿಗೇನು ರೋಗ? ಗುಂಡುಕಲ್ಲಿನ ಹಾಗಿದ್ದಾರೆ."

ಹತ್ತು ಜನರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ನಿಂತೇ ಗುಂಡಿ ಹೊಲಿದೆ. ಸಂಜೆಯ ತನಕ.

ಮಾರ್ಚ್ 20

ನನ್ನ ನೀರಿನ ಲೋಟ ಬೇರೆ ಇಟ್ಟಿದ್ದಾರೆ. ಇದು ಅಂಟುವ ಕಾಯಿಲೆಯಲ್ಲ ಎಂದು ಕರಪತ್ರ ಬರೆಯಬೇಕು. ಓದುವವರು ಯಾರು...

ಯಾರೂ ಈಗ 'ಕರಪತ್ರ' ಅನ್ನುವುದಿಲ್ಲ. ಹೆಸರು ಹಿಡಿದು ಕರೆಯುತ್ತಾರೆ, ಮೆಲ್ಲಗೆ. ರೂಮಿಗೆ ಬಂದು ನಾನೇ ಒಮ್ಮೆ ಕರೆದುಕೊಂಡೆ — ಕರಪತ್ರ! ನನ್ನ ಬಾಯಲ್ಲಿ ಅದು ಒಪ್ಪಲಿಲ್ಲ.

ಮಾರ್ಚ್ 24, ಸಂಜೆ 7.50

ಇವತ್ತು ಮಧ್ಯಾಹ್ನ ಊಟದ ಬಿಡುವು ಮುಗಿಸಿ ಬಂದೆ. ದಾರದ ಉಂಡೆ ಇಡಲು ಹೋದರೆ ಸ್ಟೂಲು ಬೆಚ್ಚಗಿತ್ತು. ಕಾಲರ್ ಅಕ್ಕ ಮೊಣಕಾಲು ನೀವಿಕೊಳ್ಳುತ್ತಿದ್ದಳು.

"ಏನೇ ಕರಪತ್ರ, ಹಂಗೆ ನೋಡ್ತೀಯ? ನೀನಂತೂ ಕೂರಲ್ಲ. ಹತ್ತು ನಿಮಿಷ ನಾನು ಕೂತೆ." ಇಸ್ತ್ರಿಪೆಟ್ಟಿ ಕೈಗೆತ್ತಿಕೊಂಡು, "ಶನಿವಾರ ಮತ್ತೆ ಮಾತಾಡ್ತೀಯಾ?"

"ನನಗೆ... ಪದ ತಡವಾಗಿ..."

"ಆಗ್ಲಿ ಬಿಡು. ನಿಂತೇ ಇರೋರು ನಾವು, ಎಲ್ಲಿಗೆ ಹೋಗ್ತೀವಿ?"

ಎಂಟಾಯಿತು. ಮಾತ್ರೆ ನುಂಗಿದೆ. ಇನ್ನು ಭಾಷಣ, ಮೊದಲಿನಿಂದ, ನಿಧಾನವಾಗಿ —

ನಾವು ಹನ್ನೊಂದು