ಗಾಜಿನ ಕೆಂಡ

ಸಿಮ್ಲಾ, ೧೨ ಜನವರಿ ೧೯೭೪

ಆಡಕಿಯ ಅತ್ತೆಯವರ ಪಾದಕ್ಕೆ ಸೊಸೆಯ ಶರಣು.

ಬಾಣಂತಿ ದ್ರೌಪದಿ, ನಿಮ್ಮ ಮರಿಮೊಮ್ಮಗ ಇಬ್ಬರೂ ಆರಾಮ ಇದ್ದಾರೆ. ಹೊರಗೆಲ್ಲ ಹಿಮ. ಹೊರಸಿನ ಕೆಳಗೆ ಕೆಂಡ ಇಡಬೇಕೆಂದು ನೀವು ಹೇಳಿ ಕಳಿಸಿದ್ದಿರಿ. ಆದರೆ ಇಲ್ಲಿ ನಮ್ಮ ಮನೆಯಂತೆ ಶಹಾಬಾದ ಫರಸಿ ಹಾಸಿಲ್ಲ, ನೆಲವೂ ಗೋಡೆಯೂ ಕಟ್ಟಿಗೆಯವು. ಅದಕ್ಕೇ ಅಳಿಯ ಪೀರಪ್ಪ ಕರೆಂಟಿನ ಅಗ್ಗಿಷ್ಟಿಕೆ ಕೊಳ್ಳಲು ನನ್ನನ್ನೂ ಅಂಗಡಿಗೆ ಕರೆದೊಯ್ದ. ಮೊದಲು ತೋರಿಸಿದ್ದರಲ್ಲಿ ಕಾಯುವ ತಂತಿಗೆ ಮರೆಯೇ ಇರಲಿಲ್ಲ. "ಕೂಸು ನಾಳಿಗಿ ಅಂಬೆಗಾಲ ಇಡತದ, ಜಾಳಗಿ ಇದ್ದದ್ದು ತಗೋಪಾ" ಎಂದೆ.

ಅದರ ಚೆಂದ ಏನು ಹೇಳಲಿ. ಗುಂಡಿ ಒತ್ತಿದರೆ ಮೇಲೆ ತಂತಿ ಕೆಂಪಗೆ ಕಾಯುತ್ತದೆ, ಕೆಳಗೆ ಕೆಂಡದ ರಾಶಿ ಹೊಳೆಯುತ್ತದೆ. ಮೊದಲ ದಿನ ಆ ಕೆಂಡದ ಮೇಲೆ ಹಿಡಿ ಅಜವಾನ ಚೆಲ್ಲಿ, ಹೊಗೆ ಏಳಲೆಂದು ಕಾಯುತ್ತ ಕುಳಿತೆ. "ಅತ್ತಿ, ಅದು ಗಾಜ ಅದರಿ, ಒಳಗ ಬಲ್ಬ್ ಅದ" ಎಂದು ಪೀರಪ್ಪ ನಗದೆ ಒಂದೊಂದೇ ಕಾಳು ಆರಿಸಿ ತೆಗೆದ. ಹೊಗೆ ಇಲ್ಲದೆಯೇ ಕೋಣೆ ಬೆಚ್ಚಗಿರುತ್ತದೆ, ಕುಂಚಿಗೆ ಬೇಗ ಒಣಗುತ್ತದೆ. ನಾವೆಲ್ಲ ಬಾಣಂತನದಲ್ಲಿ ಸುರಿಸಿದ ಕಣ್ಣೀರು ದ್ರೌಪದಿಗಿಲ್ಲ.

ಒಂದೇ ಕೊರತೆ. ಕೂಸನ್ನು ನೋಡಲು ಓಣಿಯವರೆಲ್ಲ ಬರುತ್ತಾರೆ. ಅವರು ಹೋದ ಮೇಲೆ ದೃಷ್ಟಿ ತಾಗದಂತೆ ಹಣೆಗೆ ಹಚ್ಚೋಣವೆಂದರೆ, ಈ ಬೆಂಕಿಗೆ ಬೂದಿಯೇ ಇಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಮ್ಮ ಒಲೆಯದು ಒಂದು ಚಿಟಿಕೆ, ನೀವೇ ಕೈಯಾರೆ ಪುಡಿಕೆ ಕಟ್ಟಿ ಟಪಾಲಿಗೆ ಹಾಕಿಸಿರಿ.

ಸುಂದರಬಾಯಿ